ನಾಲ್ಕು ಕಿಲೋಮೀಟರ್ ಹೆಚ್ಚಿಗಿ

ಬಾಗಲಾ ಸ್ವಲ್ಪ ಮುಂದ ಮಾಡ್ರಿ, ಹತ್ರ ಬರ್ರಿ. ನಿಮಗಷ್ಟ ಹೇಳ್ತೇನಿ, ಹೊರಗ ಬಿಡಬ್ಯಾಡ್ರಿ. ನಾನೂ ಯಾರಿಗೂ ಹೇಳಿಲ್ಲ. ಹೇಳಿದವರಿಗೆಲ್ಲಾ ಆಣಿ ಹಾಕ್ಸೇ ಹೇಳೇನಿ. ಗೋವಾದ ಮಂಗೋರ್ ಹಿಲ್‌ನ್ಯಾಗ ನಮ್ಮದು ಚಾಳು. ಒಂದು ಮನ್ಯಾಗ ಒಗ್ಗರಣಿ ಹಾಕಿದ್ರ ಇನ್ನೊಂದು ಮನ್ಯಾಗ ಸೀನ್ತಾರ. ಅಂದಮ್ಯಾಲ ಇಂಥಾವು ಆಗ್ತನ ಇರ್ತಾವು. ನಾ ಎರಡನೇತ್ತಾ ಕಲತಾಕಿ, ಆದ್ರ ಅಂಕಿ ಓದಾಕ ಬರ್ತಾವು. ಅದರಿಂದನ ಇಷ್ಟೆಲ್ಲಾ ಆತು.

೧. ಬಾಗಲಾ ಹಿಂದಿನ ಅಂಕಿ

ಬಾಜೂ ಮನ್ಯಾಗ ಧಾರವಾಡ ಕಡೆ ಗಂಡ-ಹೆಂಡ್ತಿ. ಆತ ವಾಸ್ಕೋದಾಗ ಕಾರಕೂನ, ಹೊಸಾ ಮೋಟರ್‌ಸೈಕಲ್ ತಗೊಂಡಿದ್ದ. ಬ್ಯಾರೆ ಹೆಂಗಸ್ರು ಗಂಡನ ಅಂಗಿ ಮೂಸಿ ನೋಡ್ತಾರ. ನಾ ಆಕಿಗೆ ಹೇಳಿದೆ, "ಅಂಗಿ ತೊಳದ್ರ ಹೋತವ್ವಾ. ಗಾಡಿ ಮೀಟರಿನ್ಯಾಗ ಮುಳ್ಳಿನ ಕೆಳಗ ಅಂಕಿ ತಿರಗ್ತಾವ ನೋಡು, ಅವು ಸುಳ್ಳು ಹೇಳಂಗಿಲ್ಲ."

ಆಕಿ ದಿನಾ ಸಂಜಿಕ್ಕ ಮೀಟರ್ ನೋಡಿ ಬಾಗಲಾ ಹಿಂದ ಇದ್ದಲೀಲೆ ಬರ್ಯಾಕ ಹತ್ತಿದ್ಲು. ಆಫೀಸಿಗೆ ಹೋಗಿ ಬಂದ್ರ ಆರು ಕಿಲೋಮೀಟರ್. ಒಂದು ವಾರ ಆರ ಇತ್ತು. ಆಮ್ಯಾಲ ಹತ್ತು. ದಿನಾ ಹತ್ತು. ಆತ ನನ್ನ ಕಟ್ಟಿ ಮುಂದ ಕಾಣೋದೂ ಬಿಟ್ಟಿದ್ದ. ಮಾರಿ ತೋರ್ಸಾಕ ನಾಚಿಕಿ ಅಂದ್ಕೊಂಡೆ.

"ನಾಲ್ಕು ಕಿಲೋಮೀಟರಿನ್ಯಾಗ ಏನಿರ್ತೈತ್ರೀ ಆಯೀ?" ಅಂತ ಆಕಿ ನನ್ನ ಕೇಳಿದ್ಲು.

"ದಾಬೋಲಿಮ್ ರಸ್ತಾ ಇರ್ತೈತಿ. ಅಲ್ಲಿ ಬಾಡಗಿ ಮನಿ ಭಾಳ."

ನಾ ಅಂದಿದ್ದು ಇಷ್ಟ. ಸಂಜಿಕ್ಕ ನಳದ ಹತ್ರ ಹೋದ್ರ, ಹೆಂಗಸ್ರ ಮಾತಿನ್ಯಾಗ ಆ ಬಾಡಗಿ ಮನ್ಯಾಗ ಒಬ್ಬಾಕಿ ಬಂದು ಕೂತಿದ್ಲು. ಆಕಿ ಮೂಗಿಗೆ ನತ್ತು ಇಟ್ಟಾಕಿ ಮಾತ್ರ ನಾನು.

೨. ಸತ್ತ ಮುಳ್ಳು

ಒಂದಿನ ಅಂಕಿ ನಿಂತ ಬಿಟ್ಟುವು. ಗಂಡ ಆಫೀಸಿಗೆ ಹೋಗಿ ಬಂದಾನ, ಮೀಟರ್ ಮಾತ್ರ ಗಾಡಿ ಅಂಗಳಾ ಬಿಟ್ಟಿಲ್ಲ ಅಂತೈತಿ. ಮರುದಿನ ಆಯ್ತವಾರ. ಆತ ಮಲಕೊಂಡಾಗ ನಾವಿಬ್ರೂ ಗ್ಯಾರೇಜಿನ ಮಿಸ್ತ್ರೀನ ಕರದ್ವಿ.

ಮಿಸ್ತ್ರಿ ಮುಂದಿನ ಗಾಲಿ ಹತ್ರ ಕುಂತು ಕರೇ ಕೇಬಲ್ ತೋರ್ಸಿದ. "ಗಾಲಿ ತಿರಗಿದ್ರ ಇದರೊಳಗಿನ ತಂತಿ ತಿರಗ್ತೈತ್ರಿ. ಅದು ಮ್ಯಾಲೆ ಹೋಗಿ ಅಂಕಿನೂ ತಿರಗಸ್ತೈತಿ, ಒಂದು ಲೋಹಚುಂಬಕನೂ ತಿರಗಸ್ತೈತಿ. ಚುಂಬಕ ಮುಳ್ಳಿನ ಬಟ್ಟಲಾ ಮುಟ್ಟಂಗಿಲ್ಲ. ಬಾಜೂಕ ಇದ್ಕೊಂಡ ಎಳದಾಡ್ತೈತಿ." ಹಂಗಂದು ಯಾಕೋ ನನ್ನ ಮಾರಿ ನೋಡಿದ.

"ಹರದೈತೇನು?" ನಾ ಕೇಳಿದೆ.

"ಇಲ್ರಿ. ಕೈಯಾರೆ ಬಿಚ್ಚ್ಯಾರ."

ಆಕಿ ಸೀದಾ ಒಳಗ ಹೋಗಿ ಟ್ರಂಕು ತುಂಬಿದ್ಲು. "ಧಾರವಾಡದ ಬಸ್ಸು ಎಷ್ಟಕ್ಕೈತ್ರೀ ಆಯೀ?" ನಾ ಟೈಮೂ ಹೇಳಿದೆ, ದಾರ್ಯಾಗ ತಿನ್ನಾಕ ನಾಲ್ಕು ರೊಟ್ಟೀನೂ ಕಟ್ಟಿಕೊಟ್ಟೆ.

೩. ನತ್ತಿನಾಕಿ

ಟ್ರಂಕಿನ ಸಪ್ಪಳಕ್ಕ ಗಂಡ ಎದ್ದು ಬಂದ. ಚಾಳೆಲ್ಲಾ ಬಾಗಲದಾಗ. ಆಕಿ ಇದ್ದಲಿ ಅಂಕಿ ತೋರ್ಸಿ ಕೇಳಿದ್ಲು, "ಈ ನಾಲ್ಕು ಯಾರ ಮನಿ ದಾರಿ?"

ಆತ ತಲಿ ಕೆಳಗ ಹಾಕಿದ. ನಾನೂ ಅಂದೆ, "ಹೇಳಿಬಿಡಪ್ಪಾ, ಮನಸ್ಸು ಹಗರ ಆಕ್ಕೈತಿ."

"ನಿಮ್ಮ ಮುಂದ ಹೆಂಗ ಹೇಳ್ಲಿ ಆಯೀ," ಅಂದ. ಆಮ್ಯಾಲ ಹೆಂಡ್ತಿ ಕಡೆ ತಿರುಗಿದ. "ನೆಟ್ಟಗ ಹೋದ್ರ ಇವರ ಕಟ್ಟಿ ಮುಂದ ಹಾಯಬೇಕು. ಚೀಲದಾಗ ಏನೈತಿ, ಸಾಹೇಬ ಏನಂದ ಅಂತ ಅರ್ಧಾ ತಾಸು ನಿಂದರಸ್ತಾರ. ಅದಕ್ಕ ಹಿಂದಿನ ದಾರೀಲೆ ಗುಡ್ಡಾ ಸುತ್ತು ಹಾಕ್ತೇನಿ. ಹೋಗಾಗ ಎರಡು ಕಿಲೋಮೀಟರ್ ಹೆಚ್ಚು, ಬರಾಗ ಎರಡು."

"ಮತ್ತ ಕೇಬಲ್ ಯಾಕ ಬಿಚ್ಚಿದ್ರಿ? ನನಗ ಹೇಳಬಾರದಾ?"

"ಬಾಗಲಾ ಹಿಂದಿನ ಅಂಕಿ ಕಂಡೆ, ಅದಕ್ಕ ಬಿಚ್ಚಿದೆ. ನಿನಗ ಹೇಳಿದ್ರ ನೀ ಆಯೀಗಿ ಹೇಳ್ತಿದ್ದಿ."

ಆಕಿ ಟ್ರಂಕು ಒಳಗಿಟ್ಟು ಬಂದ್ಲು. ನನ್ನ ರೊಟ್ಟಿ ಗಂಟು ನನ್ನ ಕೈಯಾಗ ಇಟ್ಟು, ಎಲ್ಲಾರ ಮುಂದ ಅಂದ್ಲು:

"ದಾಬೋಲಿಮಿನಾಕಿ ಸಿಕ್ಕಳ್ರೀ ಆಯೀ. ಆ ನತ್ತು ಎಲ್ಲಿಟ್ಟೀರಿ, ಹಾಕ್ಕೊಂಡ ಬರ್ರಿ."