ಅತ್ತೆಯ ಹರಳು, ಅಳಿಯನ ಕಣ್ಣು

ಕನ್ನಡಕದಂಗಡಿಯ ಯಜಮಾನರಿಗೆ ಒಂದೇ ಕೊರಗು. ಇಪ್ಪತ್ತೆರಡು ವರ್ಷದಿಂದ ಊರವರಿಗೆಲ್ಲ ಕಣ್ಣು ಕಾಣಿಸಿದ ಮಹಾನುಭಾವರಿಗೆ ಮನೆಯಲ್ಲಿ ಮೂರು ಕಾಸಿನ ಮರ್ಯಾದೆ ಇಲ್ಲ. ಸೂಜಿಗೆ ದಾರ ಪೋಣಿಸಲೂ ಹೆಂಡತಿ ಅವರನ್ನು ನಂಬುವುದಿಲ್ಲ.

ಹೀಗಿರಲು ಫೋನಿನ ವಿಡಿಯೋ ಒಂದರಿಂದ ಅವರಿಗೆ ಜ್ಞಾನೋದಯವಾಯಿತು. ಮೊಯ್ಸನೈಟ್ ಎಂಬ ಹರಳು ಕಾರ್ಖಾನೆಯಲ್ಲಿ ಹುಟ್ಟಿ ವಜ್ರದ ವೇಷ ಹಾಕುತ್ತದಂತೆ. ಭೂತಗನ್ನಡಿಯಲ್ಲಿ ಓರೆಯಾಗಿ ನೋಡಿದರೆ ಗುಟ್ಟು ರಟ್ಟು. ಒಳಗಿನ ಗೆರೆಗಳೆಲ್ಲ ಜೋಡಿ ಜೋಡಿ. ಅಸಲಿ ವಜ್ರದಲ್ಲಾದರೆ ಒಂದೊಂದೇ.

ತಕ್ಷಣ ಹೆಂಡತಿಯ ಬೆರಳಿನ ವಜ್ರದುಂಗುರ ಕಳಚಿ ಭೂತಗನ್ನಡಿಯಡಿ ಸೇರಿತು. (ಅತ್ತೆ ಕೊಟ್ಟದ್ದು. ಆ ಅತ್ತೆ ಈಗ ಅವರ ಮನೆಯಲ್ಲೇ ವಾಸ.)

"ಜೋಡಿ! ಎಲ್ಲಾ ಜೋಡಿ! ನಿಮ್ಮಮ್ಮ ನಮಗೆ ಟೋಪಿ ಹಾಕಿದ್ದಾರೆ ಕಣೇ!"

"ರೀ, ಮೆಲ್ಲಗೆ. ಅಮ್ಮ ಪಕ್ಕದ ಕೋಣೇಲೇ ಇದ್ದಾರೆ."

ಅಷ್ಟರಲ್ಲಿ ಅತ್ತೆ ಬಾಗಿಲಲ್ಲೇ ಪ್ರತ್ಯಕ್ಷರಾದರು. "ಅಳಿಯಂದಿರೇ, ಆ ಹರಳು ನಮ್ಮಮ್ಮಂದು. ಅವಳ ಕಾಲಕ್ಕೆ ನಿಮ್ಮ ಆ ಕಾರ್ಖಾನೇನೇ ಹುಟ್ಟಿರಲಿಲ್ಲ."

"ವಿಜ್ಞಾನದ ಮುಂದೆ ಸಂಬಂಧ ಇಲ್ಲ, ಅತ್ತೆ."

"ಹಾಗಾದ್ರೆ ನಡೀರಿ ಆಭರಣದಂಗಡಿಗೆ. ನಕಲಿ ಅಂದ್ರೆ ನಾಳೇನೇ ಚಿಕ್ಕ ಮಗಳ ಮನೆಗೆ ಗಂಟುಮೂಟೆ ಕಟ್ತೀನಿ. ಅಸಲಿ ಅಂದ್ರೆ?"

"ನೀವು ಏನು ಹೇಳಿದ್ರೂ ಮಾಡ್ತೀನಿ!" ಎಂದರು ಯಜಮಾನರು. ಅತ್ತೆ ಹೊರಕ್ಕೆ, ಮರ್ಯಾದೆ ಒಳಕ್ಕೆ: ಒಂದೇ ಏಟಿಗೆ ಎರಡು ಹಣ್ಣು ಬೀಳುವ ಸದ್ದು ಅವರಿಗಾಗಲೇ ಕೇಳಿಸುತ್ತಿತ್ತು.

ಮೂವರೂ ಹೊರಟರು. ಆಭರಣದಂಗಡಿಯವರು ವಜ್ರ ಪತ್ತೆಹಚ್ಚುವ ಪೆನ್ನನ್ನು ಹರಳಿಗೆ ತಾಗಿಸಿದರು. ಅದು ಕುಂಯ್ ಅಂದಿತು. "ವಜ್ರ, ಸ್ವಾಮಿ."

"ಆ ಪೆನ್ನು ಮೊಯ್ಸನೈಟಿಗೂ ಕುಂಯ್ ಅನ್ನುತ್ತೆ. ನನಗೆ ಹೇಳ್ಬೇಡಿ."

"ಕೆಲವು ಪೆನ್ನು ಅನ್ನುತ್ತೆ, ನಿಜ." ಅಂಗಡಿಯವರು ತಮ್ಮ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡರು. "ಒಂದೇ ಗೆರೆ. ಅಸಲಿ, ಹಳೇ ಕಾಲದ ಮಾಲು."

"ಕೊಡಿ ಇಲ್ಲಿ!" ಯಜಮಾನರು ಭೂತಗನ್ನಡಿ ಕಸಿದು ಎಡಗಣ್ಣಿಗೆ ಒತ್ತಿಕೊಂಡರು. "ಎರಡು ಗೆರೆ! ಢಾಳಾಗಿ ಎರಡು!"

ಅಂಗಡಿಯವರು ತಾಳ್ಮೆಯಿಂದ ತಮ್ಮದೇ ಕಪಾಟಿನ ವಜ್ರವೊಂದನ್ನು ತೋರಿಸಿದರು.

"ಇದೂ ಎರಡು! ನಿಮ್ಮದೂ ನಕಲಿ!"

ಪಕ್ಕದಲ್ಲಿ ಉಂಗುರ ಹಾಕಿ ನೋಡುತ್ತಿದ್ದ ದಂಪತಿ ಅದನ್ನು ಬಿಸಿ ಕೆಂಡದಂತೆ ಕಳಚಿಟ್ಟರು. ಐದನೆಯ ಹರಳಿನ ಹೊತ್ತಿಗೆ ಇಡೀ ಅಂಗಡಿಯೇ ನಕಲಿಯಾಗಿತ್ತು. ಅಂಗಡಿಯವರು ಬೆಲೆಚೀಟಿಯ ದಾರವನ್ನು ಭೂತಗನ್ನಡಿಯಡಿ ಹಿಡಿದರು. "ಇದು?"

"ಇದೂ ಎರ..." ಯಜಮಾನರು ಭೂತಗನ್ನಡಿಯನ್ನು ಅಂಗಿಗೆ ತಿಕ್ಕಿ ಒರೆಸತೊಡಗಿದರು.

"ದಾರಾನೂ ಮೊಯ್ಸನೈಟಾ, ಅಳಿಯಂದಿರೇ?" ಅತ್ತೆ ಕೇಳಿದರು. "ಕಣ್ಣಿಗೆ ಪೊರೆ ಬಂದಿದೆ. ನಂಗೂ ಹೀಗೇ ಆಗಿತ್ತು, ಆಕಾಶದಲ್ಲಿ ಇಬ್ಬರು ಚಂದ್ರರು."

"ನಮ್ಮಂಗಡಿಯ ಕಣ್ಣು ಪರೀಕ್ಷೆ ಬೋರ್ಡಿನ ಕೊನೇ ಸಾಲನ್ನೂ ದಿನಾ ತಪ್ಪಿಲ್ಲದೆ ಓದ್ತೀನಿ!"

"ಇಪ್ಪತ್ತೆರಡು ವರ್ಷದಿಂದ ಅದೇ ಬೋರ್ಡು, ಬಾಯಿಪಾಠ ಆಗಿದೆ. ನಿದ್ದೇಲೂ ಅದನ್ನೇ ಒದರ್ತೀರಿ," ಎಂದಳು ಹೆಂಡತಿ.

ಅತ್ತೆ ಉಂಗುರವನ್ನು ಮಗಳ ಬೆರಳಿಗೆ ತೊಡಿಸಿ, ಕೈ ಎತ್ತಿ ಹಿಡಿದರು. "ಬಲಗಣ್ಣು ಮುಚ್ಚಿ. ಎಷ್ಟು ಉಂಗುರ?"

ಸುಳ್ಳು ಹೇಳಲು ಯಜಮಾನರಿಗೆ ಧೈರ್ಯ ಸಾಲಲಿಲ್ಲ. "ಎರಡು."

"ನಾನು ಕೊಟ್ಟಿದ್ದು ಒಂದೇ. ಇನ್ನೊಂದು ನೀವು ಕೊಡಿಸಿದ್ದೇ ಇರಬೇಕು. ಏನು ಹೇಳಿದ್ರೂ ಮಾಡ್ತೀನಿ ಅಂದಿದ್ರಲ್ಲ, ಎಲ್ಲಿ, ಕೊಡಿಸಿ."

ಅಂಗಡಿಯವರು ಆಗಲೇ ಉಂಗುರಗಳ ತಟ್ಟೆ ಹೊರಗಿಟ್ಟಿದ್ದರು. ಯಜಮಾನರು ಮುಂದಕ್ಕೆ ಬಾಗಿದರು.

"ನೀವು ಕೂತ್ಕೊಳ್ಳಿ ಅಳಿಯಂದಿರೇ," ಅತ್ತೆ ಮೃದುವಾಗಿ ಅಂದರು. "ನಾವೇ ಆರಿಸ್ತೀವಿ. ಪಾಪ, ನಿಮಗೆ ಕಾಣಲ್ಲವಲ್ಲ."