ಭಾವನವರ ಕಾಲೊರಸು

ಭಾವನವರು ಬರುತ್ತಾರೆ ಎಂದರೆ ನಾನು ಮೊದಲು ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ತೆಗೆದು ಕಪಾಟಿಗೆ ಬೀಗ ಹಾಕುತ್ತೇನೆ. ಅವರು ಕಳ್ಳರಲ್ಲ. ಕಳ್ಳರಾದರೆ ಕದ್ದದ್ದನ್ನು ತೊಟ್ಟುಕೊಂಡಾದರೂ ತಿರುಗಾಡುತ್ತಾರೆ. ಇವರು ಹರಿದುಹಾಕುತ್ತಾರೆ.

ನನ್ನ ಯಜಮಾನರ ದೊಡ್ಡಪ್ಪನ ಮಗ ಇವರು. ಗುಳೇದಗುಡ್ಡದ ಖಣ ನೇಯುವ ಮನೆತನ. ನಮ್ಮಂತೆ ಇವರೂ ಈ ಕೊಲ್ಲಿ ದೇಶಕ್ಕೆ ದುಡಿಯಲು ಬಂದವರು; ಫಹಾಹೀಲ್ ಪಟ್ಟಣದ ಹತ್ತಿರದ ಕಂಪನಿಯೊಂದರಲ್ಲಿ, ದೊಡ್ಡ ದೊಡ್ಡ ಕಂಪ್ರೆಸರುಗಳ ನಡುವೆ ಟೆಕ್ನಿಷಿಯನ್. ಹೆಂಡತಿ ತೀರಿಕೊಂಡ ಮೇಲೆ ಸಣ್ಣ ಫ್ಲಾಟಿನಲ್ಲಿ ಒಬ್ಬರೇ.

ಮಷಿನ್ ಕೂರಿಸಲು ಬಂದಿದ್ದ ಜಪಾನಿ ಎಂಜಿನಿಯರೊಬ್ಬರ ಊಟದ ಚೀಲ ನೋಡಿದ್ದೇ ಈ ಹುಚ್ಚಿಗೆ ಕಾರಣ. ಅವರ ಕಡೆಯ ಚಳಿಯೂರುಗಳಲ್ಲಿ ಹತ್ತಿ ಸಿಗದ ಕಾಲದಲ್ಲಿ ಹಳೆಯ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು ಮತ್ತೆ ನೇಯುತ್ತಿದ್ದರಂತೆ. ಸಾಕಿಓರಿ ಎಂದು ಅದರ ಹೆಸರು. ಭಾವನವರು ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳಿಂದ ಪುಟ್ಟ ಮಗ್ಗ ಮಾಡಿಕೊಂಡರು. ಅಷ್ಟಕ್ಕೇ ನಿಂತರೇ? ಪಟ್ಟಿಗಳ ನಡುವೆ ಕರೆಂಟು ಹರಿಯುವ ಉಕ್ಕಿನ ನೂಲನ್ನೂ ನೇಯತೊಡಗಿದರು.

ಅವರು ಹಳೆ ಬಟ್ಟೆ ಕೇಳುತ್ತ ತಿರುಗುವುದನ್ನು ಕಂಡ ಕಟ್ಟಡದ ಕಾವಲುಗಾರ, ಪಾಪ, ಕೆಲಸ ಹೋಗಿದೆ ಎಂದುಕೊಂಡು ಬಟ್ಟೆಚೀಲದ ತುಂಬ ಖುಬೂಸ್ ರೊಟ್ಟಿ ತಂದು ಬಾಗಿಲಿಗೆ ತೂಗುಹಾಕಿದ. ಭಾವನವರು ರೊಟ್ಟಿ ತಿಂದು ಚೀಲವನ್ನೂ ಹರಿದು ನೇಯ್ದರು.

ಮಾತೂ ವಿಚಿತ್ರ. "ಇನ್ನೊಂದೀಟು ಉಪ್ಪಿಟ್ಟು?" ಎಂದು ನಾನು ಕೇಳಿದರೆ, "ಎಲ್ಲಿಟ್ಟೆ ಅಂದ್ರ? ಕಪಾಟಿನ್ಯಾಗ ಇಟ್ಟೀನಿ" ಎನ್ನುವರು.

ನಾವಿರುವುದು ದೂರದ ಜಹ್ರಾದಲ್ಲಿ. ಶುಕ್ರವಾರಗಳಂದು ಅಷ್ಟು ದೂರ ಹೋಗಿ ಬೆಲ್ ಒತ್ತಿದರೆ ಬಾಗಿಲು ತೆರೆಯುತ್ತಿರಲಿಲ್ಲ. ಫೋನೂ ಎತ್ತುತ್ತಿರಲಿಲ್ಲ. ಆಮೇಲೆ ಅವರೇ, "ನೀವು ಬರ್ತೀರಂತ ಇಡೀ ದಿನ ಮನ್ಯಾಗೇ ಕುಂತಿದ್ದೆ" ಎನ್ನುವರು. ಯಜಮಾನರಿಗೆ ಸಿಟ್ಟು ಬಂತು. "ನಾವು ಬರೂದು ಅಣ್ಣಗ ಬೇಕಾಗಿಲ್ಲ. ಇನ್ನ ಹೋಗೂದು ಖಲಾಸ್" ಎಂದರು. ಹೋಗುವುದನ್ನು ಬಿಟ್ಟೆವು.

ಕಳೆದ ಚಳಿಗಾಲದಲ್ಲಿ ಭಾವನವರೇ ಬಂದರು. "ತಂಗಿ, ಈ ಶುಕ್ರವಾರ ಇಬ್ಬರೂ ಬರ್ರಿ. ಬೆಲ್ ಒತ್ತಬ್ಯಾಡ್ರಿ. ಬಾಗಲ ಮುಂದಿನ ಕಾಲೊರಸಿನ ಮ್ಯಾಲ ಸುಮ್ನ ನಿಲ್ರಿ."

ಗೊಣಗುತ್ತಲೇ ಯಜಮಾನರು ಹೊರಟರು. ಬಾಗಿಲ ಮುಂದೆ ದಪ್ಪನೆಯ, ಪಟ್ಟೆಪಟ್ಟೆಯ ಕಾಲೊರಸು. "ಇದು ನನ್ನ ನೀಲಿ ಅಂಗಿ" ಎಂದು ಅವರು ಅದರ ಮೇಲೆ ಕಾಲಿಟ್ಟದ್ದೇ ತಡ, ಬಾಗಿಲು ತೆರೆಯಿತು. ಭಾವನವರ ಮುಖದಲ್ಲಿ ಹಬ್ಬದ ಕಳೆ.

ಒಳಗೆ ಮಗ್ಗದ ಎದುರು ಒಂದು ಬಟ್ಟೆ ತೂಗುತ್ತಿತ್ತು. ಹೊರಗೆ ಕಾಲೊರಸಿನ ಮೇಲೆ ಭಾರ ಬಿದ್ದರೆ ಉಕ್ಕಿನ ನೂಲುಗಳು ಒಂದಕ್ಕೊಂದು ತಾಗಿ, ಈ ಬಟ್ಟೆಯಲ್ಲಿ ಹೆಣೆದ ಸಣ್ಣ ದೀಪಗಳು ಹತ್ತುತ್ತವೆ. ಭಾರ ಹೆಚ್ಚಿದಷ್ಟೂ ಗೆರೆ ಹೆಚ್ಚು. ಇರುವುದೇ ಐದು ಗೆರೆ. ಯಜಮಾನರಿಗೆ ಐದೂ ಹತ್ತಿದ್ದವಂತೆ.

"ಬಲ್ಬಿನ್ಯಾಗ ಏನೋ ಬಿಘಾಡ ಐತಿ" ಎಂದರು ಯಜಮಾನರು.

"ಬಲ್ಬ್ ಬರೋಬ್ಬರಿ ಐತಿ" ಎಂದರು ಭಾವನವರು.

ನಾನೂ ಹೊರಗೆ ಹೋಗಿ ನಿಂತು ಬಂದೆ. ಎಷ್ಟು ಗೆರೆ ಎಂದು ಕೇಳಿದರೆ ಭಾವನವರು ಮೂರು ಎಂದರು, ಯಜಮಾನರು ನಾಲ್ಕು ಎಂದರು. ಭಾವನವರು ಸಂಭಾವಿತರು.

"ಇಷ್ಟ್ಯಾಕ ತ್ರಾಸ ತಗೊಂಡಿ ಅಣ್ಣಾ? ಜೋರು ಬೆಲ್ ಅಂಗಡ್ಯಾಗ ಸಿಗತೈತಿ" ಎಂದರು ಯಜಮಾನರು, ಹಿಂದಿನಿಂದ. ಭಾವನವರು ತಿರುಗಲಿಲ್ಲ. ಇನ್ನೊಮ್ಮೆ ಹೇಳಿದರೂ ತಿರುಗಲಿಲ್ಲ. ನಾನು ತೋಳು ಮುಟ್ಟಿದಾಗ ನೋಡಿದರು.

"ಈ ಕಡೆ ಬಾ ತಮ್ಮಾ. ಆ ಕಿವಿ ಪೂರಾ ಹೋಗೇತಿ. ಇದರಾಗ ಒಂದೀಟು ಉಳದೈತಿ. ಕಂಪ್ರೆಸರ್ ಸದ್ದು ತಿಂದ ಹಾಕ್ತು."

"ಕಂಪನ್ಯಾಗ ಹೇಳಿಯಿಲ್ಲೋ?"

"ಹೇಳಿದ್ರ ಇಕಾಮಾ ಪರವಾನಗಿ ರದ್ದು ಮಾಡಿ ಊರಿಗೆ ಕಳಸ್ತಾರಂತ ಅಂಜಿಕಿ. ಅಲ್ಲಿ ನನಗ ಯಾರದಾರ?" ಅಷ್ಟು ಹೇಳಿ, ನಮ್ಮ ಮುಖ ನೋಡದೆ ಮುಂದುವರಿಸಿದರು. "ನಿಮಗರ ಹೇಳೋಣಂದ್ರ ನೀವು ಬರೂದ ಬಿಟ್ರಿ. ಬಂದಿದ್ರೇನೋ. ನನಗ ತಿಳೀಲಿಲ್ಲ."

ಯಜಮಾನರು ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಹೊರಟೇಹೋದರೇನೋ ಎಂದುಕೊಂಡೆ.

ಬಟ್ಟೆಯಲ್ಲಿ ಐದೂ ಗೆರೆ ಹತ್ತಿದವು. ಆರಿದವು. ಮತ್ತೆ ಹತ್ತಿದವು.

ಭಾವನವರು ನೋಡುತ್ತಲೇ ಇದ್ದರು. ಆಮೇಲೆ ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡು ಎದ್ದರು.

"ತಂಗಿ, ಚಹಾಕ್ಕ ಇಡು. ಯಾರೋ ಬಂದಾರ" ಎನ್ನುತ್ತ ಬಾಗಿಲು ತೆರೆಯಲು ಹೋದರು.