ಹೆಸರು ಮಾತ್ರ ತೆಗೆಯಬೇಡಿ

ಬಿಟ್ಟಿಯಾಗಿ ಕೊಡುವುದು ಬಹಳ ಸುಲಭದ ಕೆಲಸ ಎಂದೇ ನಾನು ತಿಳಿದಿದ್ದೆ. ಕೇಳಿದವರಿಗೆ ಕೊಟ್ಟು ಸುಮ್ಮನಾದರೆ ಮುಗಿಯಿತಲ್ಲ! ಹಾಗಲ್ಲವಂತೆ. ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ನಂದಿಗುಡಿಯಲ್ಲಿ ಭತ್ತ ಬೆಳೆಯುವ ನನ್ನ ಭಾಮೈದ, ನಾಲೆಯ ನೀರು ಯಾರ ಗದ್ದೆಗೆ ಯಾವಾಗ ಎಂಬ ಪಾಳಿಯ ಜಗಳದಿಂದ ರೋಸಿಹೋಗಿ, "ಭಾವ, ನಿಮ್ ಕಂಪ್ಯೂಟರ್ ಇದಕ್ಕೇನಾದ್ರೂ ಮಾಡ್ತೈತೇನ್ರಿ?" ಎಂದು ಕೇಳಿದ್ದ. ರಜೆಯಲ್ಲಿ ಕೂತು ಒಂದು ಆಪ್ ಬರೆದೆ. ಯಾರ ಜಮೀನು ಎಷ್ಟು ಎಂದು ತುಂಬಿದರೆ ಪಾಳಿ ಹೇಳುತ್ತದೆ, ಅಷ್ಟೇ. ಚೆನ್ನಾಗಿದೆ ಎಂದು ನಾಲ್ಕು ಜನ ಅಂದದ್ದೇ ತಡ, ಇದನ್ನು ಓಪನ್ ಸೋರ್ಸ್ ಮಾಡಿ ಲೋಕಕ್ಕೇ ಕೊಟ್ಟುಬಿಡೋಣ ಎಂಬ ಔದಾರ್ಯ ನನ್ನಲ್ಲಿ ಉಕ್ಕಿತು.

ಅಂದರೆ, ಆಪಿನ ಒಳಗಿನ ಬರವಣಿಗೆಯನ್ನೆಲ್ಲ ಇಂಟರ್ನೆಟ್ಟಿನಲ್ಲಿ ತೆರೆದಿಡುವುದು. ಇಡಲು ಹೋದರೆ ವೆಬ್‌ಸೈಟು "ಲೈಸೆನ್ಸ್ ಯಾವುದು?" ಎಂದು ಕೇಳಿತು. ಲೈಸೆನ್ಸ್ ಹಾಕದಿದ್ದರೆ ಜನ ನೋಡಬಹುದೇ ಹೊರತು ಮುಟ್ಟುವ ಹಾಗಿಲ್ಲವಂತೆ. ಎಲೆ ಹಾಕಿ, ಬಡಿಸಿ, 'ಊಟ ಮಾಡಿ' ಎನ್ನದೆ ನಿಂತ ಹಾಗೆ. ಲೈಸೆನ್ಸುಗಳೋ, ಒಂದೊಂದರದು ಒಂದೊಂದು ಗುಣ. ಒಂದು, "ಏನಾದರೂ ಮಾಡಿಕೊಳ್ಳಿ, ನನ್ನ ಹೆಸರು ಮಾತ್ರ ತೆಗೆಯಬೇಡಿ" ಎನ್ನುತ್ತದೆ. ಇನ್ನೊಂದು, "ನೀವು ತಿದ್ದಿ ಹಂಚಿದರೆ ಅದನ್ನೂ ಹೀಗೆಯೇ ತೆರೆದಿಡಬೇಕು" ಎಂದು ಕಟ್ಟುನಿಟ್ಟು ಮಾಡುತ್ತದೆ. ಮತ್ತೊಂದಕ್ಕೆ ಹೆಸರಿನ ಹಂಗೂ ಇಲ್ಲ, ಪೂರಾ ಸನ್ಯಾಸಿ. ವಾರಗಟ್ಟಲೆ ಓದಿದೆ. ಆಪ್ ಬರೆಯಲು ಇಷ್ಟು ಒದ್ದಾಡಿರಲಿಲ್ಲ.

ತೀರ್ಮಾನವಾದದ್ದು ಮಂಡಿಪೇಟೆಯ ಪಾತ್ರೆ ಅಂಗಡಿಯಲ್ಲಿ. ನನ್ನ ಹೆಂಡತಿ ಗಿರಿಜಾಳ ಅಕ್ಕನ ಮಗಳ ಮದುವೆಗೆಂದು ಸ್ಟೀಲಿನ ಕೊಳಗ ಕೊಂಡೆವು. ಅಂಗಡಿಯವರು ಕೆತ್ತುವ ಮಷೀನು ಹಿಡಿದು, "ಹೆಸರು ಏನಂತ ಹಾಕ್ಲಿರಿ ಸಾರ್?" ಎಂದರು. ನಮ್ಮ ಕಡೆ ಹೆಸರು ಹಾಕಿಸದೆ ಕೊಟ್ಟ ಪಾತ್ರೆ, ಕೊಟ್ಟ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಮದುವೆಗೆ ಚಿಕ್ಕಪ್ಪ ಕೊಟ್ಟ ತಪ್ಪಲೆ ಇನ್ನೂ ಮನೆಯಲ್ಲಿದೆ. ಅದರ ತಳ ತೆಳು. ಸಾರು ಅಡಿ ಹತ್ತಿದಾಗಲೆಲ್ಲ ಗಿರಿಜಾ ಅವರ ಹೆಸರನ್ನು ಓದಿಕೊಂಡೇ ಬೈಯುತ್ತಾಳೆ. ಚಿಕ್ಕಪ್ಪ ತೀರಿಕೊಂಡರೂ ಹೆಸರು ಉಳಿಯಿತಲ್ಲ ಎಂದು ನನಗೆ ಒಳಗೊಳಗೇ ಮೆಚ್ಚುಗೆ. ಮಷೀನು ಗಿರ್ರೆನ್ನುತ್ತಿರುವಾಗ ಗಿರಿಜಾಳಿಗೆ ನನ್ನ ಲೈಸೆನ್ಸಿನ ಸಂಕಟ ಹೇಳಿಕೊಂಡೆ.

"ಅದಕ್ಕೆ ಇಷ್ಟು ಯೋಚ್ನೆ ಯಾಕ್ರಿ? ಕೊಳಗ ಕೊಟ್ ಮ್ಯಾಲೆ ಅವ್ರು ಅದ್ರಾಗೆ ಸಾರಾದ್ರೂ ಮಾಡ್ಲಿ, ಅಕ್ಕಿನಾದ್ರೂ ತುಂಬ್ಲಿ. ಹೆಸರೊಂದು ಇದ್ರ ಸಾಕಲ್ಲ ನಿಮಗೆ?" ಎಂದಳು.

ಸಾಕಾಗಿತ್ತು. ಮನೆಗೆ ಬಂದವನೇ ಮೊದಲನೆಯ ಲೈಸೆನ್ಸನ್ನೇ ಹಾಕಿದೆ. ಅದರ ಕೊನೆಯಲ್ಲಿ, ಏನೇ ತೊಂದರೆಯಾದರೂ ಬರೆದವನು ಹೊಣೆಯಲ್ಲ ಎಂದು ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ನಾನು ಅದನ್ನು ಓದಲಿಲ್ಲ, ನನ್ನ ಹೆಸರಿನ ಸ್ಪೆಲ್ಲಿಂಗ್ ನೋಡುತ್ತಿದ್ದೆ.

ಕುಕ್ಕುವಾಡದಲ್ಲಿ ಮೊಬೈಲ್ ರಿಪೇರಿ ಮಾಡುವ ಮಂಜಣ್ಣ ಎಂಬುವರು ಆ ಆಪನ್ನು ತೆಗೆದುಕೊಂಡು, ಪಾಳಿ ಬಂದಾಗ ಫೋನೇ ಕೂಗಿ ಹೇಳುವಂತೆ ತಿದ್ದಿದರು. ನನ್ನ ಮೇಲಿನ ಗೌರವಕ್ಕೆ ಮೊದಲ ಪುಟದಲ್ಲೇ ನನ್ನ ಹೆಸರು ಹಾಕಿ, ಎಲ್ಲಿಂದಲೋ ಸಂಪಾದಿಸಿದ ಫೋಟೊ ಮತ್ತು ಫೋನ್ ನಂಬರನ್ನೂ ಸೇರಿಸಿದರು. ನಾನು ಹಿರಿಹಿರಿ ಹಿಗ್ಗಿದೆ. ಆದರೆ ತಿದ್ದುವಾಗ ಏನೋ ಎಡವಟ್ಟಾಗಿ, ಒಂದೇ ಪಾಳಿಗೆ ಇಬ್ಬರನ್ನು ಕೂಗತೊಡಗಿತು. ನಾಲೆಯ ಮೇಲೆ ಇಬ್ಬಿಬ್ಬರು ಸಲಿಕೆ ಹಿಡಿದು ಬಂದು ನಿಂತರು. ಬೈಗುಳ ಮಾತ್ರ ಫೋನಿನಲ್ಲಿ ನನಗೊಬ್ಬನಿಗೇ ಬಂತು. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹಿರಿಯರು ನನ್ನನ್ನು ದಿಟ್ಟಿಸಿ ನೋಡಿ, "ನೀವೇ ಏನ್ರಿ ಪಾಳಿ ಮೇಷ್ಟ್ರು? ನಿಮ್ ದೆಸೆಯಿಂದ ಬೀಗರ ಜತಿಗೆ ಮಾತು ಬಿಟ್ಟೀನಿ ನೋಡ್ರಿ" ಎಂದರು. ಅಳುಕಿನಿಂದ ಬಸ್ಸು ಯಾವ ಊರಿಗೆಂದು ನೋಡದೆ ಹತ್ತಿಬಿಟ್ಟೆ.

ಬಸ್ಸಿನಿಂದಲೇ ಮಂಜಣ್ಣನವರಿಗೆ ಫೋನ್ ಮಾಡಿ, ದಯವಿಟ್ಟು ನನ್ನ ಹೆಸರು ತೆಗೆದುಬಿಡಿ ಎಂದು ಅಂಗಲಾಚಿದೆ.

"ಛೇ ಛೇ, ಅದ್ಹೆಂಗಾಗ್ತೈತ್ರಿ ಸಾರ್? ಪಾಳಿದು ಇವತ್ತೇ ಸರಿ ಮಾಡ್ತೀನಿ. ಆದ್ರೆ ಹೆಸರು ತೆಗೀಬಾರ್ದು ಅಂತ ನೀವೇ ಬರ್ದೀರಿ. ಇನ್ನೊಬ್ರ ಹೆಸರು ಅಳ್ಸೋ ಮನುಷ್ಯ ಅಲ್ರಿ ನಾನು."

"ಬರೆದವನು ನಾನೇ, ನಾನೇ ಹೇಳ್ತಿದೀನಲ್ರಿ!"

"ನೀವು ದೊಡ್ಡ ಮನ್ಸಿನೋರು, ಹಂಗೇ ಅಂತೀರಿ" ಎಂದು ಇಟ್ಟುಬಿಟ್ಟರು.

ಮನೆಗೆ ಬಂದರೆ ಬಾಗಿಲಲ್ಲೇ ಸೀದ ವಾಸನೆ. ಒಳಗೆ ಗಿರಿಜಾ ತಪ್ಪಲೆ ಹಿಡಿದು ಚಿಕ್ಕಪ್ಪನ ಹೆಸರನ್ನು ಓದುತ್ತಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ನನಗೆ ರೇಗಿತು. "ಉರಿ ಜೋರು ಮಾಡಿದವಳು ನೀನು. ಕೊಟ್ಟವರದೇನು ತಪ್ಪು?" ಎಂದೆ.

"ಅವ್ರದೇನೂ ಇಲ್ಲಾಂದ್ರ ಮತ್ತೆ ಹೆಸರು ಯಾಕ ಹಾಕ್ಸಿದ್ರು?" ಎಂದಳು.

ಲೈಸೆನ್ಸನ್ನು ಈಗ ಕೊನೆಯತನಕ ಓದಿದ್ದೇನೆ. ಈ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಅಂದು ತಪ್ಪಲೆ ತಿಕ್ಕಿದ್ದು ನಾನೇ. ತಳವನ್ನು ಗಟ್ಟಿಯಾಗಿ ಉಜ್ಜಿ, ಹೆಸರಿದ್ದ ಕಡೆ ಮಾತ್ರ ಮೆಲ್ಲಗೆ ಕೈಯಾಡಿಸಿದೆ.